ಮಕ್ಕಳ ಕೈಗೆ ಗಾಡಿ ಕೀ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಯು ತರಗತಿಗಳು ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಗಾಡಿಯ ಕುರಿತೇ ಇರುತ್ತವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಮಗನಿಗೆ ಹದಿನಾರು ತುಂಬಿದೆ. ಕಾಲೇಜು ಮನೆಯಿಂದ ಏಳು ಕಿಲೋಮೀಟರ್. ಗೇರ್ ಇಲ್ಲದ ಸ್ಕೂಟರ್‌ಗೆ ಹದಿನಾರಕ್ಕೇ ಎಲ್‌ಎಲ್‌ಆರ್ ಕೊಡುತ್ತಾರೆ, ಆಕ್ಟಿವಾ ಕೊಡಿಸಿಬಿಡಿ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಕೊಡಿಸಬಹುದೇ?
– ಒಬ್ಬ ತಾಯಿ, ತುಮಕೂರು

ಬೇಡ. ನೆಂಟರು ಹೇಳುತ್ತಿರುವುದು ಅರ್ಧ ಮಾತ್ರ ನಿಜ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಂ ಹದಿನಾರು ತುಂಬಿದವರಿಗೆ ಅನುಮತಿ ಕೊಡುವುದು 50 ಸಿಸಿ ಮೀರದ ಎಂಜಿನ್ನಿನ ಗಾಡಿಗೆ. ಗೇರ್ ಇದೆಯೋ ಇಲ್ಲವೋ ಎಂಬುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲೂನಾ, ಟಿವಿಎಸ್ 50 ಓಡಾಡುತ್ತಿದ್ದ ಕಾಲಕ್ಕೆ ಅದಕ್ಕೊಂದು ಅರ್ಥವಿತ್ತು. ಈಗ ಆಕ್ಟಿವಾ 110 ಸಿಸಿ, ಆಕ್ಸೆಸ್ 125 ಸಿಸಿ. ಹಳ್ಳಿಯ ಹುಡುಗರು ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಿಸುವ ಎಕ್ಸ್‌ಎಲ್ ಕೂಡ ಈಗ 100 ಸಿಸಿ ಹತ್ತಿರ. ಅಂದರೆ ನಿಮ್ಮ ಮಗನ ಕೈಯಲ್ಲಿ ಎಲ್‌ಎಲ್‌ಆರ್ ಇದ್ದರೂ ಆಕ್ಟಿವಾ ಹತ್ತಿದ ಕ್ಷಣ ಅವನು ಲೈಸೆನ್ಸ್ ಇಲ್ಲದ ಸವಾರ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಇಂಥ ಪ್ರಕರಣದಲ್ಲಿ ತಪ್ಪಿತಸ್ಥರೆಂದು ಹಿಡಿಯುವುದು ಪೋಷಕರನ್ನು ಅಥವಾ ಗಾಡಿಯ ಮಾಲೀಕರನ್ನು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಇದರ ಮೇಲೆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ‘ನನಗೆ ಗೊತ್ತಿಲ್ಲದೆ ಕೀ ತೆಗೆದುಕೊಂಡು ಹೋದ’ ಎಂದರೆ ಸಾಲದು. ನಿಮ್ಮ ಒಪ್ಪಿಗೆಯಿಂದಲೇ ಹೋದ ಎಂದು ನ್ಯಾಯಾಲಯ ಮೊದಲೇ ಭಾವಿಸುತ್ತದೆ. ಇಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು, ಬಾಗಿಲ ಪಕ್ಕದ ಮೊಳೆಗೆ ಕೀ ನೇತುಹಾಕಿದ ಮನೆಯವರಿಗೆ ಅದು ಸುಲಭವಲ್ಲ. ಈ ದಂಡ ರಸ್ತೆಯಲ್ಲೇ ರಸೀದಿ ಹರಿದು ಮುಗಿಯುವಂಥದ್ದಲ್ಲ, ಕೋರ್ಟಿಗೆ ಹೋಗಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಹೀಗೆ 25,000 ಕಟ್ಟಿದ ಅಪ್ಪ-ಅಮ್ಮಂದಿರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ.

ದಂಡಕ್ಕಿಂತ ದೊಡ್ಡ ಹೊರೆ ವಿಮೆಯದು. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ, ವಿಮಾ ಕಂಪನಿ ಪರಿಹಾರ ಕೊಡಬೇಕಾಗಿ ಬಂದರೂ ಆ ಹಣವನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ಅದಕ್ಕಿದೆ. ಸಾವು ಅಥವಾ ಕಾಯಂ ಅಂಗವೈಕಲ್ಯವಾದರೆ ಮೊತ್ತ ಲಕ್ಷಗಳಲ್ಲಿರುತ್ತದೆ. ಏಳು ಕಿಲೋಮೀಟರಿಗೆ ಸೈಕಲ್ ಸಾಕು. ಬಸ್ ಇದ್ದರೆ ವಿದ್ಯಾರ್ಥಿ ಪಾಸ್ ಇದೆ.

ಲೈಸೆನ್ಸೇ ಬೇಡದ ಬ್ಯಾಟರಿ ಸ್ಕೂಟರ್ ಇದೆಯಂತೆ. ಒಂಬತ್ತನೇ ತರಗತಿಯ ಮಗಳಿಗೆ ಕೊಡಿಸಬಹುದೇ?
– ಓದುಗರು, ಹಾಸನ

ಇರುವುದು ನಿಜ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ಕಾಯ್ದೆಯ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟ್, ಲೈಸೆನ್ಸ್ ಎರಡೂ ಬೇಡ. ಆದರೆ ಈ ಎರಡೂ ಷರತ್ತು ಒಟ್ಟಿಗೆ ಇರಬೇಕು.

ಎಡವಟ್ಟಾಗುವುದು ಅಂಗಡಿಯಲ್ಲಿ. ವೇಗ ತಡೆಯುವ ಲಾಕ್ ವೈರ್ ಬಿಚ್ಚಿಕೊಟ್ಟು ‘ಈಗ ನಲವತ್ತು ಹೋಗುತ್ತೆ ನೋಡಿ’ ಎನ್ನುವವರಿದ್ದಾರೆ. ಹಾಗೆ ಮಾಡಿದ ಗಾಡಿ ಆ ಕ್ಷಣದಿಂದ ಮೋಟಾರು ವಾಹನ, ಮೇಲೆ ಹೇಳಿದ 199ಎ ಅದಕ್ಕೂ ತಾಗುತ್ತದೆ. ಕೊಳ್ಳುವ ಮುನ್ನ ಎಆರ್‌ಎಐ ಅಥವಾ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿ ಕೇಳಿ, ಅದರಲ್ಲಿ ನೀವು ಕೊಳ್ಳುವ ಮಾಡೆಲ್‌ನ ಹೆಸರೇ ಇದೆಯೇ ನೋಡಿ. ಸಮತಟ್ಟು ಜಾಗದಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಫೋನಿನ ಜಿಪಿಎಸ್‌ನಲ್ಲಿ ವೇಗ ಅಳೆಯಿರಿ. ಗಾಡಿಯ ಮೀಟರನ್ನು ನಂಬಬೇಡಿ.

25 ಕಿ.ಮೀ. ಏನು ಮಹಾ ಎನ್ನಬೇಡಿ. ಆ ವೇಗದಲ್ಲಿ ಗೋಡೆಗೆ ಗುದ್ದುವುದೂ ಎರಡೂವರೆ ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ಹೆಲ್ಮೆಟ್ ಹಾಕಿಸಿ. ನೋಂದಣಿ ಇಲ್ಲದ ಗಾಡಿಗೆ ಕಡ್ಡಾಯ ವಿಮೆಯೂ ಇರುವುದಿಲ್ಲ, ದಾರಿಹೋಕರಿಗೆ ತಾಗಿದರೆ ಖರ್ಚು ನಿಮ್ಮ ಕೈಯಿಂದಲೇ.

ಮಗಳಿಗೆ ಹದಿನೆಂಟಾಯಿತು. ಒಂದು ಡ್ರೈವಿಂಗ್ ಸ್ಕೂಲಿನವರು ‘ಹದಿನೈದು ದಿನ, ದಿನಕ್ಕೆ ಅರ್ಧ ಗಂಟೆ, ಡಿಎಲ್ ಗ್ಯಾರಂಟಿ’ ಎನ್ನುತ್ತಾರೆ. ಸಾಕೇ? ಒಳ್ಳೆಯ ಸ್ಕೂಲನ್ನು ಗುರುತಿಸುವುದು ಹೇಗೆ?
– ಓದುಗರು, ದಾವಣಗೆರೆ

ಲೆಕ್ಕ ಹಾಕಿ: ಹದಿನೈದು ಅರ್ಧ ಗಂಟೆ ಅಂದರೆ ಏಳೂವರೆ ಗಂಟೆ. ಅದರಲ್ಲೂ ಕಾರಿನಲ್ಲಿ ಇನ್ನಿಬ್ಬರು ಕಲಿಯುವವರಿದ್ದರೆ, ಅವರನ್ನು ಹತ್ತಿಸಿ ಇಳಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 31ನೇ ನಿಯಮ ಕಾರಿನಂಥ ಖಾಸಗಿ ವಾಹನದ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ಸ್ಟೀರಿಂಗ್ ಹಿಡಿದು ಓಡಿಸಿದ ಹೊತ್ತೇ ಕನಿಷ್ಠ 10 ಗಂಟೆ ಇರಬೇಕು ಎನ್ನುತ್ತದೆ. ಹೊಸದಾಗಿ ಕಲಿಯುವವರಿಗೆ ಅದೂ ಕಡಿಮೆಯೇ. 2021ರ ಜುಲೈನಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ಕಾರು ಕೋರ್ಸ್ 29 ಗಂಟೆಯದು: 8 ಗಂಟೆ ಪಾಠ, 21 ಗಂಟೆ ಓಡಿಸುವುದು. ಇಂಥ ಕೇಂದ್ರದಲ್ಲಿ ಪಾಸಾದವರಿಗೆ ಆರ್‌ಟಿಒ ಟ್ರ್ಯಾಕ್ ಟೆಸ್ಟ್‌ನಿಂದ ವಿನಾಯಿತಿಯೂ ಇದೆ. ನಿಮ್ಮ ಜಿಲ್ಲೆಗೆ ಹತ್ತಿರದಲ್ಲಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಸಾಮಾನ್ಯ ಸ್ಕೂಲಾದರೆ ದುಡ್ಡು ಕೊಡುವ ಮುನ್ನ ಒಮ್ಮೆ ಕಾರನ್ನು ನೋಡಿಕೊಂಡು ಬನ್ನಿ. ಎಡಗಡೆ ಕೂರುವ ಶಿಕ್ಷಕರ ಕಾಲ ಬಳಿ ಬ್ರೇಕ್, ಕ್ಲಚ್ ಇರಲೇಬೇಕು. ಕೂತು ಒತ್ತಿ ನೋಡಿ, ಸಡಿಲವಾಗಿದ್ದರೆ ಅಲ್ಲಿಂದ ಎದ್ದು ಬನ್ನಿ. ಪ್ರತಿ ಅಭ್ಯರ್ಥಿ ಎಷ್ಟು ಹೊತ್ತು ಓಡಿಸಿದರು ಎಂಬುದನ್ನು ನಮೂನೆ 15ರ ಪುಸ್ತಕದಲ್ಲಿ ಬರೆದಿಡಬೇಕು, ಅದನ್ನು ತೋರಿಸಿ ಎನ್ನಿ. ತೋರಿಸಲು ಹಿಂಜರಿಯುವವರು ಬರೆಯುವುದೇ ಇಲ್ಲ ಎಂದು ತಿಳಿಯಿರಿ. ಕೊನೆಯಲ್ಲಿ ಸಿಗುವ ಪ್ರಮಾಣಪತ್ರ ನಮೂನೆ 5ರದ್ದು.

ಇನ್ನು ಪಾಠದ ವಿಷಯ. ಬಹಳ ಕಡೆ ಕಲಿಸುವುದು ಟೆಸ್ಟ್ ಪಾಸಾಗುವ ಉಪಾಯವನ್ನು. ‘ಹಿಂದಿನ ಗಾಜಿನ ಮೂಲೆಗೆ ಕಂಬ ಬಂದಾಗ ಸ್ಟೀರಿಂಗ್ ಪೂರ್ತಿ ತಿರುಗಿಸು’ ಎಂಬ ಗುರುತು ಆ ಕಾರಿಗೆ, ಆ ಮೈದಾನಕ್ಕೆ ಮಾತ್ರ ಸರಿ. ಮನೆಯ ಕಾರಿಗೆ ಕೂತರೆ ಗುರುತೂ ಇಲ್ಲ, ಕಂಬವೂ ಇಲ್ಲ. ಶಿಕ್ಷಕರು ಪೆಡಲ್ ಒತ್ತಿ ತಾವೇ ಕಾರು ನಿಭಾಯಿಸುವುದು ಇನ್ನೊಂದು ಕಾಯಿಲೆ. ಹತ್ತು ದಿನ ಕಳೆದ ಮೇಲೂ ಮಗಳಿಗೆ ತಾನಾಗಿಯೇ ಕ್ಲಚ್ ಬಿಟ್ಟು ಮುಂದೆ ಹೋಗಲು ಬಾರದಿದ್ದರೆ, ಅಷ್ಟು ದಿನ ಓಡಿಸಿದ್ದು ಅವಳಲ್ಲ.

ಸ್ಕೂಲಿನವರಿಂದ ಇಷ್ಟನ್ನು ಕೇಳಿ ಮಾಡಿಸಿಕೊಳ್ಳಿ: ಸೀಟು ಮತ್ತು ಕನ್ನಡಿ ಹೊಂದಿಸುವುದು, ಏರಿನಲ್ಲಿ ನಿಲ್ಲಿಸಿ ಹೊರಡುವುದು, ರಿವರ್ಸ್, ದೊಡ್ಡ ರಸ್ತೆಗೆ ಸೇರಿಕೊಳ್ಳುವುದು, ವೃತ್ತದಲ್ಲಿ ಹೋಗುವುದು, ಜೋರು ಬ್ರೇಕ್, ಒಂದು ದಿನ ಸಂಜೆ ಕತ್ತಲಲ್ಲಿ. ಸೀಟಿನ ಮಾತು ಬಂತೆಂದು ಹೇಳುತ್ತೇವೆ, ಅದನ್ನು ಕಲಿಸುವವರೇ ಕಡಿಮೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು. ಬೆನ್ನು ಸೀಟಿಗೆ ತಾಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ಮೇಲ್ತುದಿಗೆ ತಾಗಬೇಕು. ಬದಿಯ ಕನ್ನಡಿಯಲ್ಲಿ ನಿಮ್ಮ ಕಾರಿನ ಪಕ್ಕ ಒಂದು ಸಣ್ಣ ಅಂಚಿನಷ್ಟು ಕಂಡರೆ ಸಾಕು. ಅರ್ಧ ಕನ್ನಡಿ ತುಂಬ ನಿಮ್ಮದೇ ಬಾಗಿಲು ಕಂಡರೆ ಪಕ್ಕದ ಬೈಕ್ ಕಾಣುವುದಿಲ್ಲ.

ಟೆಸ್ಟ್‌ನಲ್ಲಿ ಏರಿನಲ್ಲಿ ಕಾರು ಹಿಂದಕ್ಕೆ ಜಾರಿ ಫೇಲಾದೆ. ಮತ್ತೆ ಯಾವಾಗ ಹೋಗಬಹುದು? ಜಾರದಂತೆ ಏನು ಮಾಡಲಿ?
– ಬಿಕಾಂ ವಿದ್ಯಾರ್ಥಿ, ಮಡಿಕೇರಿ

ಏಳು ದಿನ ಕಳೆದ ಮೇಲೆ ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ ಕೊನೆಯ ಟೆಸ್ಟ್‌ನಿಂದ 60 ದಿನ ಕಾಯಬೇಕು. ಎಲ್‌ಎಲ್‌ಆರ್ ಅವಧಿ ಆರು ತಿಂಗಳು ಮಾತ್ರ, ದಿನಾಂಕ ನೋಡಿಕೊಳ್ಳಿ.

ಮಡಿಕೇರಿಯವರಿಗೆ ಅಭ್ಯಾಸಕ್ಕೆ ಏರು ಹುಡುಕಬೇಕಿಲ್ಲ. ವಾಹನ ಓಡಾಟವಿಲ್ಲದ, ಹಿಂದೆ ಯಾರೂ ಇಲ್ಲದ ಜಾಗ ಆರಿಸಿ. ಹ್ಯಾಂಡ್‌ಬ್ರೇಕ್ ಎಳೆದು ಫಸ್ಟ್ ಗೇರ್ ಹಾಕಿ. ಬಲಗಾಲಿನಿಂದ ಆಕ್ಸಿಲರೇಟರ್ ಹಗುರವಾಗಿ ಕೊಟ್ಟು ಎಂಜಿನ್ ವೇಗವನ್ನು ಸುಮಾರು 1,500 ಆರ್‌ಪಿಎಂಗೆ ತನ್ನಿ. ಹಿಮ್ಮಡಿ ನೆಲದ ಮೇಲಿಟ್ಟು ಕ್ಲಚ್ಚನ್ನು ನಿಧಾನ ಬಿಡುತ್ತ ಬನ್ನಿ. ಒಂದು ಕಡೆ ಎಂಜಿನ್ನಿನ ಸದ್ದು ತಗ್ಗುತ್ತದೆ, ಬಾನೆಟ್ ತುಸು ಮೇಲೇಳುತ್ತದೆ. ಅದೇ ಹಾಫ್ ಕ್ಲಚ್. ಕಾಲನ್ನು ಅಲ್ಲೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಮುಂದೆ ಹೊರಟ ಮೇಲಷ್ಟೇ ಉಳಿದ ಕ್ಲಚ್ ಬಿಡಿ. ಹ್ಯಾಂಡ್‌ಬ್ರೇಕ್ ಇಳಿಸುವ ಗಳಿಗೆಯಲ್ಲೇ ಗಾಬರಿಗೆ ಕ್ಲಚ್ ಒತ್ತಿಬಿಡುವುದು ಜಾರಲು ಕಾರಣ, ಪೂರ್ತಿ ಬಿಟ್ಟುಬಿಡುವುದು ಎಂಜಿನ್ ಆಫ್ ಆಗಲು ಕಾರಣ. ಸಿಗ್ನಲ್ ಬಳಿ ಹಾಫ್ ಕ್ಲಚ್‌ನಲ್ಲೇ ಕಾರನ್ನು ತೂಗಿಕೊಂಡು ನಿಲ್ಲುವ ಚಟ ಬೇಡ. ಸುಟ್ಟ ವಾಸನೆ ಬರುವ ಹೊತ್ತಿಗೆ ಕ್ಲಚ್ ಪ್ಲೇಟ್ ಸವೆದಿರುತ್ತದೆ.

ಇಳಿಯುವಾಗ ಹೆಚ್ಚಿನವರು ಮಾಡುವ ತಪ್ಪು ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಎಂಜಿನ್ ಆರದಿರಲೆಂದು ಕುಡಿಯುತ್ತವೆ. ಹತ್ತಲು ಯಾವ ಗೇರ್ ಬೇಕಾಗಿತ್ತೋ ಇಳಿಯಲೂ ಅದೇ. ಬರೀ ಬ್ರೇಕ್ ನೆಚ್ಚಿ ಇಳಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ನಿಲ್ಲಬೇಕು.

ಮೊದಲ ಮಳೆಯಲ್ಲಿ ಸ್ಕೂಟರ್ ಬ್ರೇಕ್ ಒತ್ತಿದ್ದೇ ತಡ ಬಿದ್ದೆ. ಅಪ್ಪ ‘ಮುಂದಿನ ಬ್ರೇಕ್ ಮುಟ್ಟಲೇಬೇಡ’ ಎನ್ನುತ್ತಾರೆ. ಸರಿಯೇ?
– ಪದವಿ ವಿದ್ಯಾರ್ಥಿನಿ, ಶಿರಸಿ

ಅಪ್ಪನ ಕಾಳಜಿ ಸರಿ, ಸಲಹೆ ತಪ್ಪು. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಾಗಾಗಿ ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಚಕ್ರದ್ದೇ. ಹಿಂದಿನದೊಂದನ್ನೇ ಒತ್ತಿದರೆ ಅದು ಬೇಗ ಲಾಕ್ ಆಗಿ ಹಿಂಬದಿ ಅಡ್ಡಡ್ಡ ಜಾರುತ್ತದೆ.

2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಗಾಡಿಗಳಲ್ಲಿ ಕಾಂಬಿ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯ. ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಂಬಿ. ಎಡಗೈ ಲಿವರ್ ಒತ್ತಿದರೆ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆ ‘ಸ್ವಲ್ಪ’ವನ್ನೇ ನೆಚ್ಚಿಕೊಂಡು ಬಲಗೈ ಲಿವರ್ ಮರೆಯುವವರು ಬಹಳ. ಕಾಂಬಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಶಕ್ತಿಯಿಲ್ಲ, ಅದು ಎಬಿಎಸ್‌ನ ಕೆಲಸ.

ಬೀಳುವುದು ಬ್ರೇಕ್ ಬಳಸಿದ್ದರಿಂದಲ್ಲ, ಗಬಕ್ಕನೆ ಹಿಡಿದದ್ದರಿಂದ, ಅಥವಾ ಹ್ಯಾಂಡಲ್ ತಿರುಗಿರುವಾಗ ಹಿಡಿದದ್ದರಿಂದ. ಒಣಗಿದ ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದಿಂದ ಶುರು ಮಾಡಿ. ಹ್ಯಾಂಡಲ್ ನೇರ, ದೃಷ್ಟಿ ದೂರಕ್ಕೆ. ಎರಡೂ ಲಿವರ್‌ಗಳನ್ನು ಎರಡು ಬೆರಳಿನಿಂದ ಹಗುರವಾಗಿ ಹಿಡಿದು, ಮುಂದಿನ ಶಾಕ್ ಕುಗ್ಗಿದ್ದು ತಿಳಿದ ಮೇಲೆ ಬಿಗಿ ಹೆಚ್ಚಿಸುತ್ತ ಹೋಗಿ. ಮುಂದಿನ ಚಕ್ರ ಜಾರಿತು ಅನ್ನಿಸಿದರೆ ತಕ್ಷಣ ಸಡಿಲಿಸಿ ಮತ್ತೆ ಹಿಡಿಯಿರಿ. ಕೈಗೆ ಬಂದ ಮೇಲೆ 30, ಆಮೇಲೆ 40. ಒದ್ದೆ ನೆಲದಲ್ಲಿ ಮತ್ತೆ 20ರಿಂದ.

ಎಷ್ಟು ದೂರ ಬೇಕು ಎಂಬುದಕ್ಕೂ ಲೆಕ್ಕವಿದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ ಎಂದಿಟ್ಟುಕೊಳ್ಳಿ. 40 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ಸುಮಾರು 17 ಮೀಟರ್ ದಾಟಿರುತ್ತೀರಿ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 9 ಮೀಟರ್, ಒದ್ದೆಯಲ್ಲಿ 16. ವೇಗ 60 ಆದರೆ ಒಟ್ಟು ದೂರ ಒಣ ರಸ್ತೆಯಲ್ಲಿ 45 ಮೀಟರ್, ಒದ್ದೆಯಲ್ಲಿ 60. ಫೋನ್ ನೋಡುತ್ತಿದ್ದ ಎರಡು ಸೆಕೆಂಡ್ ಈ ಲೆಕ್ಕದಲ್ಲಿ ಸೇರಿಲ್ಲ. ಅದಕ್ಕೆ ಬೇರೆ 33 ಮೀಟರ್.

ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಎರಡೂ ಸೇರಿ ಲೋಳೆಯಾಗುತ್ತವೆ. ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ನಿಮ್ಮ ಕಡೆಯ ಪಾಚಿ ಹಿಡಿದ ತಿರುವು ಇವುಗಳ ಮೇಲೆ ಬ್ರೇಕ್ ಬೇಡ, ಅದಕ್ಕೂ ಮೊದಲೇ ವೇಗ ಇಳಿಸಿ. ಬಯಲುಸೀಮೆಯ ಕಡೆ ಹೋದರೆ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ಹುಲ್ಲೂ ಅಷ್ಟೇ ಜಾರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಮಗಳಿಗೆ ಹದಿನಾರಕ್ಕೇ ಲೈಸೆನ್ಸ್ ಬಂದಿದೆ. ರಜೆಗೆ ಮೈಸೂರಿಗೆ ಬಂದಾಗ ಅಜ್ಜನ ಕಾರು ಓಡಿಸಬಹುದೇ?
– ಕನ್ನಡಿಗ ಓದುಗರು, ಫ್ರೀಮಾಂಟ್

ಇಲ್ಲ. ಇಲ್ಲಿ ಕಾರಿಗೆ 18 ತುಂಬಿರಲೇಬೇಕು. ಅಜ್ಜ ಮಾಲೀಕರಾದ್ದರಿಂದ ಕೇಸು ಅವರ ಮೇಲೆ.

ಆದರೆ ನಿಮ್ಮ ಮಗಳು ಅಲ್ಲಿ ಹಾದುಬಂದ ಕ್ರಮ ಇಲ್ಲಿನ ಪೋಷಕರಿಗೂ ಗೊತ್ತಿರಲಿ. ಕ್ಯಾಲಿಫೋರ್ನಿಯಾದಲ್ಲಿ ಹದಿನೆಂಟರೊಳಗಿನವರು ಪರ್ಮಿಟ್ ಪಡೆದು ಕನಿಷ್ಠ ಆರು ತಿಂಗಳು ಕಳೆಯಬೇಕು, ತರಬೇತಿ ಸ್ಕೂಲಿನವರ ಜೊತೆ 6 ಗಂಟೆ, ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಬೇಕು. ಆ 50ರಲ್ಲಿ 10 ಗಂಟೆ ರಾತ್ರಿಯದ್ದು. ಲೈಸೆನ್ಸ್ ಬಂದ ಮೇಲೂ ಮೊದಲ 12 ತಿಂಗಳು, ಪಕ್ಕದಲ್ಲಿ ಹಿರಿಯ ಚಾಲಕರಿಲ್ಲದೆ, ಇಪ್ಪತ್ತರೊಳಗಿನ ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ, ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವಂತಿಲ್ಲ. ನಮ್ಮಲ್ಲಿ ಟ್ರ್ಯಾಕ್ ಟೆಸ್ಟ್ ಮುಗಿದು ಡಿಎಲ್ ಬಂದ ದಿನವೇ ಹುಡುಗ ನಾಲ್ವರನ್ನು ತುಂಬಿಕೊಂಡು ನಡುರಾತ್ರಿ ಹೆದ್ದಾರಿಗೆ ಹೋದರೂ ಕಾನೂನು ಬೇಡ ಎನ್ನುವುದಿಲ್ಲ. ಹಂತಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಮಗನಿಗೆ ಮೊನ್ನೆ ಡಿಎಲ್ ಬಂತು. ಬರುವ ವಾರ ಗೆಳೆಯರ ಜೊತೆ ಕಾರಿನಲ್ಲಿ ಗೋಕರ್ಣಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಬೇಡ ಎಂದರೆ ‘ನನ್ನ ಮೇಲೆ ನಂಬಿಕೆ ಇಲ್ಲ’ ಎನ್ನುತ್ತಾನೆ.
– ಓದುಗರು, ಧಾರವಾಡ

ನಂಬಿಕೆಯ ಮಾತೇ ಅಲ್ಲ, ಗಂಟೆಗಳ ಮಾತು ಎಂದು ಹೇಳಿ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು, ಲಾರಿಗಳ ಸಾಲಿನ ನಡುವೆ. ಅವನು ಇದುವರೆಗೆ ಓಡಿಸಿರುವುದು ಹತ್ತು-ಹನ್ನೆರಡು ಗಂಟೆ, ಅದೂ ಪಕ್ಕದಲ್ಲಿ ಬ್ರೇಕ್ ಪೆಡಲ್ ಇರುವ ಕಾರಿನಲ್ಲಿ.

ಬೇಡ ಎನ್ನುವ ಬದಲು ದಿನಾಂಕ ಕೊಡಿ. ಮೊದಲ ತಿಂಗಳು ನೀವು ಪಕ್ಕದಲ್ಲಿ, ಹಗಲು ಹೊತ್ತು, ಗೊತ್ತಿರುವ ರಸ್ತೆ, ಹೆಚ್ಚೆಂದರೆ 50 ಕಿ.ಮೀ. ವೇಗ. ಎರಡನೇ ತಿಂಗಳು ಸಂಜೆ, ಮಳೆ, ಮಾರ್ಕೆಟ್ ಗದ್ದಲ. ಮೂರನೇ ತಿಂಗಳು ಹೆದ್ದಾರಿ ಮತ್ತು ರಾತ್ರಿ, ಆಗಲೂ ನೀವು ಜೊತೆಗೆ. ಒಬ್ಬನೇ ಹೋಗುವುದು ಅದರ ನಂತರ, ಗೆಳೆಯರು ಕೊನೆಗೆ, ಅದೂ ಮೊದಲು ಒಬ್ಬ. ಪ್ರತಿ ಸಲದ ದಿನಾಂಕ, ಹೊತ್ತು, ಕಿಲೋಮೀಟರ್ ಒಂದು ನೋಟ್‌ಬುಕ್ಕಿನಲ್ಲಿ ಅವನೇ ಬರೆಯಲಿ. 50 ಗಂಟೆ ತುಂಬಿದ ಮೇಲೆ ಗೋಕರ್ಣ. ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಹಾಕದಿದ್ದರೆ ಕಾರು ಹೊರಡಬಾರದು ಎಂಬುದು ಮೊದಲ ದಿನದಿಂದಲೇ ಇರಲಿ.

ಪಕ್ಕದಲ್ಲಿ ಕೂರುವುದೂ ಒಂದು ಕೆಲಸವೇ. ‘ಬ್ರೇಕ್! ಬ್ರೇಕ್!’ ಎಂದು ಕೂಗಿದರೆ ಹೊಸಬರು ನಡುರಸ್ತೆಯಲ್ಲೇ ನಿಲ್ಲಿಸಿಬಿಡುತ್ತಾರೆ. ಮೊದಲು ಜಾಗ, ಆಮೇಲೆ ಕೆಲಸ ಹೇಳಿ: ‘ಮುಂದೆ ಹಂಪ್ ಇದೆ, ಎರಡನೇ ಗೇರಿಗೆ ಬಾ.’ ಸ್ಟೀರಿಂಗ್‌ಗೆ ಕೈ ಹಾಕಬೇಡಿ. ಮನೆಯ ಕಾರಿನಲ್ಲಿ ನಿಮ್ಮ ಕೈಗೆ ಸಿಗುವ ಬ್ರೇಕ್ ಹ್ಯಾಂಡ್‌ಬ್ರೇಕ್ ಮಾತ್ರ, ಅದು ಎಲ್ಲಿದೆ, ಲಿವರೋ ಗುಂಡಿಯೋ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಳ್ಳಿ.

ರಾತ್ರಿಯ ಪಾಠಕ್ಕೆ ಹೆಚ್ಚು ಹೊತ್ತು ಕೊಡಿ. ಲೋ ಬೀಮ್‌ನಲ್ಲಿ ಕಾಣುವ ದೂರ ಹೆಚ್ಚುಕಡಿಮೆ 50 ಮೀಟರ್. ಮೇಲಿನ ಲೆಕ್ಕದ ಪ್ರಕಾರ 60 ದಾಟಿದರೆ, ಕಂಡದ್ದಕ್ಕೆ ನಿಲ್ಲಿಸಲಾಗುವುದಿಲ್ಲ. ಎದುರಿನವರ ಹೈ ಬೀಮ್ ಕಣ್ಣಿಗೆ ಹೊಡೆದಾಗ ಅದನ್ನೇ ದಿಟ್ಟಿಸದೆ, ನಿಮ್ಮ ಎಡಗಡೆಯ ಬಿಳಿ ಪಟ್ಟಿ ನೋಡಿ ವೇಗ ಇಳಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಲೈಟಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತ ಲಾರಿಗಳು ಹೊಸಬರಿಗೆ ಕಾಣುವುದೇ ತಡವಾಗಿ.

ಟೋಪಿಯಂಥ ಅರ್ಧ ಹೆಲ್ಮೆಟ್ ಸಾಲದೇ? ಪೂರ್ತಿಯದು ಹಾಕಿದರೆ ಸೆಕೆ ಎಂದು ಮಗ ಗೊಣಗುತ್ತಾನೆ.
– ಓದುಗರು, ರಾಯಚೂರು

ಸಾಲದು. ಐಎಸ್ 4151 ಎಂಬ ಸಂಖ್ಯೆ ಮತ್ತು ಐಎಸ್‌ಐ ಗುರುತು ಇಲ್ಲದ್ದನ್ನು ಕೊಳ್ಳಲೇಬೇಡಿ. ಹುಬ್ಬಿನ ಮೇಲೆ ಟೇಪ್ ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿ: 58 ಸೆಂಟಿಮೀಟರ್ ಬಂದರೆ 580 ಎಂದು ಬರೆದದ್ದು. ಪಟ್ಟಿ ಬಿಗಿದು ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ, ಕಳಚಿ ಬಂದರೆ ದೊಡ್ಡದಾಯಿತು. ಸೆಕೆಗೆ ಗಾಳಿ ಕಿಂಡಿ ಇರುವುದನ್ನು, ಒಳಪದರ ತೆಗೆದು ಒಗೆಯಬಹುದಾದದ್ದನ್ನು ಆರಿಸಿ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಕುಗ್ಗಿರುತ್ತದೆ, ಬದಲಿಸಿ.

ಅಪಘಾತವಾದರೆ ಹುಡುಗರು ಹೆದರಿ ಓಡಿಬಿಡುತ್ತಾರೆ. ಏನು ಮಾಡಬೇಕೆಂದು ಮೊದಲೇ ಹೇಳಿಕೊಡುವುದು ಹೇಗೆ?
– ಉಪನ್ಯಾಸಕರು, ಕೋಲಾರ

ಚಾಲಕ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು, ಪೊಲೀಸರು ಅಲ್ಲಿಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು ಎನ್ನುತ್ತದೆ 134ನೇ ಕಲಂ. ಓಡಿಹೋದರೆ ಅದೇ ಇನ್ನೊಂದು ಅಪರಾಧ. ಜನ ಸೇರಿ ಹೊಡೆಯುವ ಭಯವಿದ್ದರೆ ಅಲ್ಲಿಂದ ನೇರ ಠಾಣೆಗೇ ಹೋಗಲಿ.

ಕ್ರಮವನ್ನು ಹೀಗೆ ಬಾಯಿಪಾಠ ಮಾಡಿಸಿ: ಎಂಜಿನ್ ಆಫ್, ನಾಲ್ಕೂ ಇಂಡಿಕೇಟರ್ ಆನ್, 108ಕ್ಕೆ ಅಥವಾ 112ಕ್ಕೆ ಕರೆ. ಊರಿನ ಹೆಸರು ಗೊತ್ತಿಲ್ಲದಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಲಿ. ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಎಬ್ಬಿಸಿ ಕೂರಿಸಬಾರದು, ನೀರು ಕುಡಿಸಬಾರದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಲಿ. ಆಮೇಲೆ ಗಾಡಿಗಳು ನಿಂತ ಜಾಗದ ನಾಲ್ಕು ಫೋಟೊ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಸರ್ವೇಯರ್ ನೋಡುವ ಮುನ್ನ ಗಾಡಿಯನ್ನು ಗ್ಯಾರೇಜಿನವರು ಬಿಚ್ಚಬಾರದು.